ಈ ಗೆರೆ ಎಳೆದವರು ಯಾರು?

ಇಂಗ್ಲಿಷ್ ಕಲಿಸುವ ಪುಸ್ತಕಗಳ ಕೊನೆಯ ಪುಟಗಳಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ನೋಡಲು ಒಂದೇ ಅರ್ಥದವು, ಆದರೆ ಒಂದರ ಬದಲು ಇನ್ನೊಂದನ್ನು ಬಳಸಿದರೆ ತಪ್ಪು ಎನ್ನುವ ಪದಗಳ ಜೋಡಿಗಳು ಅದರಲ್ಲಿರುತ್ತವೆ. ‘ಲೆಸ್’ ಬೇರೆ, ‘ಫ್ಯೂವರ್’ ಬೇರೆ. ‘ಶಲ್’ ಬೇರೆ, ‘ವಿಲ್’ ಬೇರೆ. ‘ಥೆಫ್ಟ್’ ಬೇರೆ, ‘ರಾಬರಿ’ ಬೇರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಇದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಾರೆ. ಪಟ್ಟಿಯಲ್ಲಿ ಎಲ್ಲ ಜೋಡಿಗಳೂ ಒಂದೇ ಗಾತ್ರದ ಅಕ್ಷರದಲ್ಲಿ, ಒಂದರ ಕೆಳಗೊಂದು ಸಮಾನ ಗೌರವದಿಂದ ಕುಳಿತಿರುತ್ತವೆ. ನನ್ನ ತಕರಾರು ಇರುವುದು ಈ ಸಮಾನ ಗೌರವದ ಬಗ್ಗೆ. ಈ ಗೆರೆಗಳಲ್ಲಿ ಕೆಲವನ್ನು ಅಳಿಸಿದರೆ ಒಬ್ಬ ಮನುಷ್ಯನ ತಲೆ ಉಳಿಯುವುದೋ ಉರುಳುವುದೋ ಎಂಬ ಪ್ರಶ್ನೆ ಏಳುತ್ತದೆ. ಇನ್ನು ಕೆಲವನ್ನು ಅಳಿಸಿದರೆ ನಾಲ್ಕು ಜನ ಮೂಗು ಮುರಿಯುತ್ತಾರೆ, ಅಷ್ಟೇ. ಆದ್ದರಿಂದ ಎರಡು ಪದಗಳ ವ್ಯತ್ಯಾಸವನ್ನು ಕಲಿಯುವ ಮುನ್ನ ಆ ಗೆರೆಯನ್ನು ಎಳೆದವರು ಯಾರು, ಯಾವ ಕೆಲಸಕ್ಕಾಗಿ ಎಳೆದರು ಎಂದು ವಿಚಾರಿಸಬೇಕು ಎಂಬುದು ಈ ಮಾತಿನ ತಿರುಳು.

ಇಂಗ್ಲಿಷಿನಲ್ಲಿ ಸಮಾನಾರ್ಥಕ ಪದಗಳು ರಾಶಿ ಬಿದ್ದಿರುವುದಕ್ಕೆ ಕಾರಣ ಚರಿತ್ರೆಯಲ್ಲಿದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್, ಉಳುವವರ ಮಾತು ಹಳೆಯ ಇಂಗ್ಲಿಷ್, ಪಾದ್ರಿಗಳ ಮತ್ತು ಪಂಡಿತರ ಮಾತು ಲ್ಯಾಟಿನ್ ಆಯಿತು. ಹೀಗಾಗಿ ಒಂದೇ ಸಂಗತಿಗೆ ಎರಡು, ಮೂರು ಹೆಸರುಗಳು ಕೂಡಿಕೊಂಡವು. ‘ಕಿಂಗ್ಲಿ’ ನೆಲದ ಪದ, ‘ರಾಯಲ್’ ಫ್ರೆಂಚಿನಿಂದ ಬಂದದ್ದು, ‘ರೀಗಲ್’ ಲ್ಯಾಟಿನ್ನಿನದು. ವಕೀಲರಂತೂ ಯಾವುದನ್ನೂ ಬಿಡುವ ಧೈರ್ಯವಿಲ್ಲದೆ ಎರಡನ್ನೂ ಜೋಡಿಸಿಯೇ ಬರೆದರು. ‘ಗುಡ್ಸ್ ಅಂಡ್ ಚಾಟಲ್ಸ್’ ಎಂಬಲ್ಲಿ ಒಂದು ಪದ ಇಂಗ್ಲಿಷಿನದು, ಇನ್ನೊಂದು ಫ್ರೆಂಚಿನದು. ಎರಡು ಪದ ಬಂದ ಮಾತ್ರಕ್ಕೆ ಎರಡು ಅರ್ಥ ಬಂದುಬಿಡುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಕೊಟ್ಟಿಗೆಯ ದನ ‘ಆಕ್ಸ್’, ತಟ್ಟೆಗೆ ಬಂದಾಗ ‘ಬೀಫ್’ ಎಂಬ ಪ್ರಸಿದ್ಧ ಭೇದವನ್ನೂ ಗಮನಿಸಿ. ಸಾಕುವವನು ಸ್ಯಾಕ್ಸನ್, ತಿನ್ನುವವನು ನಾರ್ಮನ್ ಎಂಬ ವಿವರಣೆಯನ್ನು ವಾಲ್ಟರ್ ಸ್ಕಾಟ್ 1819ರಲ್ಲಿ ಹೊರಬಂದ ‘ಐವನ್‌ಹೊ’ ಕಾದಂಬರಿಯಲ್ಲಿ ಬಳಸಿ ಜನಪ್ರಿಯಗೊಳಿಸಿದ. ವಿವರಣೆ ಚೆನ್ನಾಗಿಯೇ ಇದೆ. ಆದರೆ 1611ರ ಇಂಗ್ಲಿಷ್ ಬೈಬಲಿನಲ್ಲಿ ಬಲಿಗೆ ತರುವ ಜೀವಂತ ದನಗಳಿಗೂ ‘ಬೀವ್ಸ್’ ಎಂದೇ ಹೇಳಿದೆ. ಇದು ‘ಬೀಫ್’ ಪದದ ಬಹುವಚನ. ಗೆದ್ದವರು ಬಂದು ಐದು ಶತಮಾನ ಕಳೆದಿದ್ದರೂ ಗೆರೆ ಇನ್ನೂ ಪೂರ್ತಿಯಾಗಿ ಮೂಡಿರಲಿಲ್ಲ.

ಹೀಗೆ ಗುಡ್ಡೆ ಬಿದ್ದ ಪದಗಳನ್ನು ವಿಂಗಡಿಸಲು ಹೊರಟವರು ಹದಿನೆಂಟನೇ ಶತಮಾನದಲ್ಲಿ ಕಾಣಿಸಿಕೊಂಡರು. ಮೊದಲಿಗ ಇಂಗ್ಲಿಷಿನವನಲ್ಲ, ಫ್ರಾನ್ಸಿನ ಪಾದ್ರಿ ಗಾಬ್ರಿಯೆಲ್ ಜಿರಾರ್. 1718ರಲ್ಲಿ ಅವನು ಫ್ರೆಂಚ್ ಸಮಾನಾರ್ಥಕಗಳ ಸೂಕ್ಷ್ಮ ಭೇದಗಳ ಬಗ್ಗೆ ಪುಸ್ತಕ ಬರೆದ. ಜಾನ್ ಟ್ರಸ್ಲರ್ 1766ರಲ್ಲಿ ಇಂಗ್ಲಿಷಿಗಾಗಿ ಮಾಡಿದ ಪುಸ್ತಕ ಜಿರಾರನ ಜಾಡಿನಲ್ಲೇ ನಡೆಯಿತು. ಎಂದರೆ ಇಂಗ್ಲಿಷ್ ಪದಗಳ ನಡುವೆ ಮೊದಮೊದಲು ಎಳೆದ ಕೆಲವು ಗೆರೆಗಳ ನಕ್ಷೆ ಪ್ಯಾರಿಸ್ಸಿನಿಂದ ಬಂದದ್ದು. ಹೆಸ್ಟರ್ ಪಿಯೊಟ್ಸಿ 1794ರಲ್ಲಿ, ಜಾರ್ಜ್ ಕ್ರ್ಯಾಬ್ 1816ರಲ್ಲಿ ಇದೇ ಕೆಲಸವನ್ನು ಮುಂದುವರಿಸಿದರು. 1852ರಲ್ಲಿ ವೈದ್ಯನಾಗಿದ್ದ ಪೀಟರ್ ಮಾರ್ಕ್ ರೋಜೆ ತನ್ನ ‘ಥೆಸಾರಸ್’ ತಂದಾಗ ಬೇರೆ ದಾರಿ ಹಿಡಿದ. ಒಂದು ಭಾವಕ್ಕೆ ಹತ್ತಿರವಾದ ಪದಗಳನ್ನೆಲ್ಲ ಒಂದೆಡೆ ಪೇರಿಸಿದ, ಅವುಗಳ ನಡುವಣ ಭೇದವನ್ನು ವಿವರಿಸುವ ಗೋಜಿಗೇ ಹೋಗಲಿಲ್ಲ. ಓದುಗನಿಗೆ ತನ್ನ ನುಡಿ ಗೊತ್ತಿದೆ, ಬೇಕಾದದ್ದನ್ನು ಅವನೇ ಆರಿಸಿಕೊಳ್ಳುತ್ತಾನೆ ಎಂಬ ನಂಬಿಕೆ ಆ ಜೋಡಣೆಯಲ್ಲೇ ಇದೆ. ಆ ನಂಬಿಕೆ ವ್ಯಾಕರಣ ಬರೆಯುವವರಲ್ಲಿ ಇರಲಿಲ್ಲ.

ಈಗ ಪಟ್ಟಿಯ ಮೊದಲ ಜೋಡಿಯನ್ನು ಪರೀಕ್ಷೆಗೆ ಒಡ್ಡೋಣ. ಎಣಿಸಬಹುದಾದದ್ದಕ್ಕೆ ‘ಫ್ಯೂವರ್’, ಅಳೆಯುವುದಕ್ಕೆ ‘ಲೆಸ್’ ಎಂಬ ನಿಯಮದ ಬೇರು 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಬರೆದ ಒಂದು ಟಿಪ್ಪಣಿಯಲ್ಲಿದೆ. ಅವನು ಅದನ್ನು ನಿಯಮವೆಂದು ಕೂಡ ಹೇಳಲಿಲ್ಲ, ತನಗೆ ಹೀಗೆ ಹೇಳಿದರೆ ಚೆಂದವಾಗಿಯೂ ಸರಿಯಾಗಿಯೂ ಕಾಣುತ್ತದೆ ಎಂದಷ್ಟೇ ಹೇಳಿದ. ಅವನಿಗಿಂತ ಸುಮಾರು 900 ವರ್ಷ ಮೊದಲೇ ದೊರೆ ಆಲ್‌ಫ್ರೆಡ್ ಎಣಿಸಬಹುದಾದ ವಸ್ತುಗಳಿಗೂ ‘ಲೆಸ್’ ಬಳಸಿದ್ದ. ಒಬ್ಬನ ರುಚಿ ಮುಂದಿನವರ ಕೈಯಲ್ಲಿ ಶಾಸನವಾಯಿತು. 2008ರಲ್ಲಿ ಬ್ರಿಟನ್ನಿನ ಟೆಸ್ಕೊ ಅಂಗಡಿಗಳು ‘ಹತ್ತು ವಸ್ತು ಅಥವಾ ಕಡಿಮೆ’ ಎಂಬ ಫಲಕದಲ್ಲಿದ್ದ ‘ಲೆಸ್’ ಪದದ ಮೇಲಿನ ಗಲಾಟೆಗೆ ಬೇಸತ್ತು ಫಲಕವನ್ನೇ ‘ಹತ್ತರವರೆಗೆ’ ಎಂದು ಬದಲಿಸಬೇಕಾಯಿತು. ಹಳೆಯ ಫಲಕ ಓದಿ ಎಷ್ಟು ವಸ್ತು ತರಬೇಕೆಂದು ತಿಳಿಯದೆ ಯಾವ ಗಿರಾಕಿಯೂ ಕಂಗಾಲಾಗಿರಲಿಲ್ಲ ಎಂಬುದನ್ನು ಮರೆಯಬಾರದು. ‘ಶಲ್’ ಮತ್ತು ‘ವಿಲ್’ ನಡುವೆ ಉತ್ತಮ ಪುರುಷಕ್ಕೆ ಒಂದು, ಉಳಿದವಕ್ಕೆ ಇನ್ನೊಂದು ಎಂಬ ಹಂಚಿಕೆಯನ್ನು 1653ರಲ್ಲಿ ಜಾನ್ ವಾಲಿಸ್ ಮಾಡಿದ. ಆತ ಗಣಿತಜ್ಞ, ವ್ಯಾಕರಣ ಬರೆದದ್ದು ಲ್ಯಾಟಿನ್ನಿನಲ್ಲಿ. ‘ದಟ್’ ಮತ್ತು ‘ವಿಚ್’ ಎರಡನ್ನೂ ಬೇರೆ ಬೇರೆ ಕೆಲಸಕ್ಕೆ ಹಚ್ಚಬೇಕೆಂದು 1926ರಲ್ಲಿ ಸೂಚಿಸಿದ ಭಾಷಾಬಳಕೆಯ ಕೈಪಿಡಿಕಾರ ಫೌಲರ್, ಹೆಚ್ಚಿನ ಲೇಖಕರಾಗಲಿ ಅತ್ಯುತ್ತಮ ಲೇಖಕರಾಗಲಿ ಹಾಗೆ ಮಾಡುತ್ತಿಲ್ಲವೆಂದು ತಾನೇ ಒಪ್ಪಿಕೊಂಡ. ಅವನ ಪ್ರಾಮಾಣಿಕತೆ ದೊಡ್ಡದು. ಅವನ ಹೆಸರು ಹೇಳಿಕೊಂಡು ಉತ್ತರಪತ್ರಿಕೆ ತಿದ್ದುವವರು ಆ ಒಪ್ಪಿಗೆಯನ್ನು ಮಾತ್ರ ಕೈಬಿಟ್ಟರು.

ಕೆಲಸವಿಲ್ಲದ ಗೆರೆ ಯಾಕೆ ಉಳಿಯುತ್ತದೆ? ಅದಕ್ಕೂ ಒಂದು ಕೆಲಸವಿದೆ, ಆದರೆ ಅದು ಅರ್ಥದ ಕೆಲಸವಲ್ಲ. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಅಲನ್ ರಾಸ್ ಎಂಬ ಪ್ರಾಧ್ಯಾಪಕ 1954ರಲ್ಲಿ ಬರೆದ ಲೇಖನವೊಂದು ಇದನ್ನು ಬಯಲಿಗೆ ತಂದಿತು. ಊಟದ ಮೇಜಿನ ಕರವಸ್ತ್ರಕ್ಕೆ ‘ನ್ಯಾಪ್ಕಿನ್’ ಎಂದರೆ ಇಂಗ್ಲೆಂಡಿನ ಮೇಲ್ವರ್ಗದವನು, ‘ಸರ್ವಿಯೆಟ್’ ಎಂದರೆ ಅಲ್ಲ. ಕನ್ನಡಿಗೆ ‘ಲುಕಿಂಗ್ ಗ್ಲಾಸ್’ ಎನ್ನುವವನು ಒಳಗಿನವನು, ‘ಮಿರರ್’ ಎನ್ನುವವನು ಹೊರಗಿನವನು. ನ್ಯಾನ್ಸಿ ಮಿಟ್‌ಫರ್ಡ್ ಮರುವರ್ಷ ಇದನ್ನೇ ಎತ್ತಿಕೊಂಡು ಬರೆದಾಗ ಇಡೀ ಇಂಗ್ಲೆಂಡು ತನ್ನ ಬಾಯಿಂದ ಬರುವ ಪದಗಳನ್ನು ತಪಾಸಣೆ ಮಾಡಿಕೊಳ್ಳತೊಡಗಿತು. ವಸ್ತು ಒಂದೇ, ಅರ್ಥ ಒಂದೇ. ಬೇರೆ ಮಾಡಬೇಕಾಗಿದ್ದದ್ದು ಮನುಷ್ಯರನ್ನು. ಶಾಲೆಯ ಪಟ್ಟಿಯಲ್ಲಿರುವ ಎಷ್ಟೋ ಜೋಡಿಗಳು ಈ ಜಾತಿಯವು.

ಇಲ್ಲಿಂದ ಕೋರ್ಟಿನ ಕಡೆ ತಿರುಗೋಣ, ಅಲ್ಲಿ ಚಿತ್ರ ಪೂರ್ತಿ ಬದಲಾಗುತ್ತದೆ. ಮೆಕಾಲೆಯ ನೇತೃತ್ವದ ಕಾನೂನು ಆಯೋಗ 1837ರಲ್ಲಿ ಕರಡು ಮಾಡಿದ ಭಾರತೀಯ ದಂಡ ಸಂಹಿತೆ 1860ರಲ್ಲಿ ಕಾಯಿದೆಯಾಗಿ, 1862ರಿಂದ ಜಾರಿಗೆ ಬಂದು, 2024ರ ಜುಲೈ 1ರಂದು ಭಾರತೀಯ ನ್ಯಾಯ ಸಂಹಿತೆಗೆ ಜಾಗ ಬಿಟ್ಟುಕೊಟ್ಟಿತು. ಅದರಲ್ಲಿ ಹತ್ತಿರದ ಪದಗಳನ್ನು ಹೇಗೆ ಬೇರ್ಪಡಿಸಿದ್ದಾರೆ ನೋಡಿ. ಒಂದು ಚಿನ್ನದ ಸರ ಒಡತಿಯ ಕೈತಪ್ಪಿ ಹೋಯಿತು ಎಂದುಕೊಳ್ಳಿ. ಅವಳಿಗೆ ತಿಳಿಯದಂತೆ ಬೀರುವಿನಿಂದ ಎತ್ತಿಕೊಂಡು ಹೋದರೆ ‘ಥೆಫ್ಟ್’. ದಾರಿಯಲ್ಲಿ ಬಿದ್ದಿದ್ದ ಸರ ಯಾರದೆಂದು ಗೊತ್ತಿದ್ದೂ ತನ್ನದಾಗಿಸಿಕೊಂಡರೆ ‘ಕ್ರಿಮಿನಲ್ ಮಿಸ್‌ಅಪ್ರೋಪ್ರಿಯೇಷನ್’. ಪಾಲಿಶ್ ಮಾಡಲು ಕೊಟ್ಟದ್ದನ್ನು ಅಕ್ಕಸಾಲಿಗ ಮಾರಿಕೊಂಡರೆ ‘ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್’. ಸುಳ್ಳು ಹೇಳಿ ಅವಳೇ ಬಿಚ್ಚಿ ಕೊಡುವ ಹಾಗೆ ಮಾಡಿದರೆ ‘ಚೀಟಿಂಗ್’. ವಾರದೊಳಗೆ ತಲುಪಿಸದಿದ್ದರೆ ಮಗನಿಗೆ ಗತಿ ಕಾಣಿಸುತ್ತೇನೆ ಎಂದು ಹೆದರಿಸಿ ತರಿಸಿಕೊಂಡರೆ ‘ಎಕ್ಸ್‌ಟಾರ್ಷನ್’. ಎದುರಿಗೇ ನಿಂತು, ಚಾಕು ತೋರಿಸಿ ಆ ಕ್ಷಣದಲ್ಲೇ ಕಿತ್ತುಕೊಂಡರೆ ‘ರಾಬರಿ’. ಅದೇ ಕೆಲಸಕ್ಕೆ ಐದು ಅಥವಾ ಹೆಚ್ಚು ಜನ ಕೂಡಿದರೆ ‘ಡಕಾಯಿಟಿ’. ಈ ಕೊನೆಯ ಪದ ಹಿಂದಿಯಿಂದ ಇಂಗ್ಲಿಷಿಗೆ ಹೋದದ್ದು, ಇಂಗ್ಲೆಂಡಿನ ಕಾನೂನಿನಲ್ಲಿ ಅದಕ್ಕೆ ಜೋಡಿಯೇ ಇರಲಿಲ್ಲ. ಸಾದಾ ಕಳ್ಳತನಕ್ಕೆ ಗರಿಷ್ಠ 3 ವರ್ಷ, ರಾಬರಿಗೆ 10 ವರ್ಷ, ಅದೇ ಹೆದ್ದಾರಿಯಲ್ಲಿ ಸೂರ್ಯ ಮುಳುಗಿದ ಮೇಲೆ ಹುಟ್ಟುವ ಮುಂಚೆ ನಡೆದರೆ 14 ವರ್ಷ, ಡಕಾಯಿತಿಗೆ ಜೀವಾವಧಿಯವರೆಗೆ. ನಮ್ಮ ಪತ್ರಿಕೆಗಳ ತಲೆಬರಹದಲ್ಲಿ ‘ಮನೆ ದರೋಡೆ’ ಎಂದು ಬಂದದ್ದು ಎಫ್‌ಐಆರ್‌ನಲ್ಲಿ ಎಷ್ಟೋ ಸಲ ಬರಿಯ ಮನೆಗಳ್ಳತನವಾಗಿರುತ್ತದೆ. ತಲೆಬರಹಕ್ಕೆ ಅದು ನಡೆದೀತು, ಆರೋಪಪಟ್ಟಿಗೆ ನಡೆಯದು. ಹೊಸ ಸಂಹಿತೆ ಇನ್ನೊಂದು ಗೆರೆಯನ್ನೂ ಸೇರಿಸಿದೆ. ಬೈಕಿನಲ್ಲಿ ಬಂದು ಕೊರಳ ಸರ ಎಗರಿಸಿ ಹೋಗುವ ಕೃತ್ಯವನ್ನು ಕಳ್ಳತನವೆನ್ನಬೇಕೋ ಸುಲಿಗೆ ಎನ್ನಬೇಕೋ ಎಂಬ ಗೊಂದಲವಿತ್ತು. 304ನೇ ಸೆಕ್ಷನ್ ಅದಕ್ಕೆ ‘ಸ್ನ್ಯಾಚಿಂಗ್’ ಎಂದೇ ಪ್ರತ್ಯೇಕ ಹೆಸರು ಕೊಟ್ಟಿತು.

‘ಮರ್ಡರ್’ ಮತ್ತು ‘ಕಲ್ಪಬಲ್ ಹೋಮಿಸೈಡ್’ ನಡುವಣ ಗೆರೆ ಇನ್ನೂ ತೆಳು, ಇನ್ನೂ ಭಾರ. ಮೊದಲನೆಯದಕ್ಕೆ ಮರಣದಂಡನೆ ಅಥವಾ ಜೀವಾವಧಿ, ಕೊಲೆಯಲ್ಲದ ಎರಡನೆಯದಕ್ಕೆ ಮರಣದಂಡನೆ ಇಲ್ಲವೇ ಇಲ್ಲ. ಮಾಡಿದ ಗಾಯ ಸಾವು ತರುವ ಸಂಭವವುಳ್ಳದ್ದೋ, ಅಥವಾ ಸಹಜ ಗತಿಯಲ್ಲಿ ಸಾವು ತರಲು ಸಾಕಾಗುವಷ್ಟು ಬಲವಾದದ್ದೋ ಎಂಬ ಪ್ರಶ್ನೆಯ ಮೇಲೆ ಪ್ರಾಣ ನಿಂತಿರುತ್ತದೆ. 1876ರಲ್ಲಿ ಮುಂಬಯಿ ಹೈಕೋರ್ಟಿನ ಮುಂದೆ ಗೋವಿಂದ ಎಂಬ ಹದಿನೆಂಟರ ಯುವಕನ ಪ್ರಕರಣ ಬಂತು. ಹೆಂಡತಿಯನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಮುಷ್ಟಿಯಿಂದ ಮುಖಕ್ಕೆ ಗುದ್ದಿದ್ದ, ಅವಳು ಸತ್ತಳು. ನ್ಯಾಯಮೂರ್ತಿ ಮೆಲ್ವಿಲ್ ಎರಡು ಸೆಕ್ಷನ್‌ಗಳ ಮಾತುಗಳನ್ನು ಅಕ್ಕಪಕ್ಕ ಇಟ್ಟು ಒಂದೊಂದು ಪದವನ್ನೂ ತೂಗಿ, ಇದು ಕೊಲೆಯ ಮಟ್ಟಕ್ಕೆ ಏರದ ನರಹತ್ಯೆ ಎಂದು ತೀರ್ಮಾನಿಸಿದರು. ನೂರು ವರ್ಷದ ಮೇಲೆ, 1976ರಲ್ಲಿ, ಸುಪ್ರೀಂ ಕೋರ್ಟು ಪುನ್ನಯ್ಯ ಪ್ರಕರಣದಲ್ಲಿ ಅದೇ ಗೆರೆಯನ್ನು ಮತ್ತೆ ತಿದ್ದಿ ತೋರಿಸಿತು. ಎಲ್ಲ ಕೊಲೆಯೂ ನರಹತ್ಯೆಯೇ, ಎಲ್ಲ ನರಹತ್ಯೆಯೂ ಕೊಲೆಯಲ್ಲ ಎಂಬುದು ಅದರ ಸಾರ. ಗೋವಿಂದನ ಪ್ರಕರಣದ ತೀರ್ಪು ತಮಗೆ ಸರಿ ಕಾಣುವುದಿಲ್ಲ ಎನ್ನುವವರು ಇರಬಹುದು, ಆ ಹುಡುಗಿಯ ಸಾವನ್ನು ನೆನೆದರೆ ನನಗೂ ಸುಲಭವಾಗಿ ಒಪ್ಪಲಾಗುವುದಿಲ್ಲ. ಆದರೆ ಭೇದ ನಿಜವಾದದ್ದೇ ಅಲ್ಲವೇ ಎಂದು ಮಾತ್ರ ಯಾರೂ ಕೇಳಲಾರರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಕಾನೂನಿನ ಗೆರೆಯೂ ಮನುಷ್ಯರೇ ಎಳೆದದ್ದು. ನಾಲ್ಕು ಜನ ಸೇರಿದರೆ ರಾಬರಿ, ಐದನೆಯವನು ಬಂದೊಡನೆ ಡಕಾಯಿತಿ ಎಂಬುದು ಪ್ರಕೃತಿ ನಿಯಮವೇನಲ್ಲ. ಬೇಕರನ ರುಚಿಗೂ ಮೆಕಾಲೆಯ ಅಂಕಿಗೂ ಏನು ಅಂತರ? ಆಕ್ಷೇಪ ಒಪ್ಪತಕ್ಕದ್ದು. ಗೆರೆ ಕೃತಕವೋ ಸಹಜವೋ ಎಂಬುದರಲ್ಲಿ ಅಂತರವಿಲ್ಲ, ಎರಡೂ ಕೃತಕವೇ. ಕಾನೂನಿನ ಗೆರೆ ತನ್ನ ಹುಟ್ಟಿದ ದಿನಾಂಕವನ್ನು ಬಚ್ಚಿಡುವುದಿಲ್ಲ, ಯಾವ ಶಾಸನಸಭೆ ಯಾವ ವರ್ಷ ಎಳೆಯಿತೆಂದು ಮುಖಪುಟದಲ್ಲೇ ಬರೆದಿರುತ್ತದೆ, ಬೇಡವಾದರೆ ಇನ್ನೊಂದು ಸಭೆ ಅಳಿಸಬಹುದು. ವ್ಯಾಕರಣದ ಗೆರೆ ಒಬ್ಬನ ರುಚಿಯಿಂದ ಹುಟ್ಟಿ, ಭಾಷೆಯ ಜೊತೆಗೇ ಹುಟ್ಟಿದ ಹಾಗೆ ನಟಿಸುತ್ತದೆ. ಅದನ್ನು ಪ್ರಶ್ನಿಸಲು ಬಾಗಿಲೇ ಇಲ್ಲ. ಕಾನೂನಿನಲ್ಲೂ ಪದವೇ ದೇವರಲ್ಲ ಎಂಬುದನ್ನು ಸೇರಿಸಬೇಕು. ‘ಶಲ್’ ಎಂದರೆ ಕಡ್ಡಾಯ, ‘ಮೇ’ ಎಂದರೆ ಐಚ್ಛಿಕ ಎಂದು ಪಟ್ಟಿಗಳು ಹೇಳುತ್ತವೆ. ಸಂವಿಧಾನದ 320ನೇ ವಿಧಿಯಲ್ಲಿ, ಶಿಸ್ತಿನ ಪ್ರಕರಣಗಳಲ್ಲಿ ಲೋಕಸೇವಾ ಆಯೋಗದ ಸಲಹೆ ಪಡೆಯಬೇಕೆಂಬಲ್ಲಿ ‘ಶಲ್’ ಇದೆ. 1957ರಲ್ಲಿ ಮನ್‌ಬೋಧನ್ ಲಾಲ್ ಶ್ರೀವಾಸ್ತವ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಕಡ್ಡಾಯವೆಂದು ಓದಲಿಲ್ಲ. ಅಮೆರಿಕವಂತೂ 2007ರಲ್ಲಿ ತನ್ನ ಫೆಡರಲ್ ಸಿವಿಲ್ ವಿಚಾರಣಾ ನಿಯಮಗಳಿಂದ ‘ಶಲ್’ ಪದವನ್ನೇ ಹೊರಗೆ ಹಾಕಿತು. ಗೆರೆ ತನ್ನ ಕೆಲಸ ಮಾಡದಿದ್ದಾಗ ಕೆಲಸವಿದ್ದವರೇ ಅದನ್ನು ತೆಗೆದು ಹಾಕುತ್ತಾರೆ.

ಕೆಲಸ ಮೊದಲು, ಗೆರೆ ಆಮೇಲೆ ಎಂಬುದಕ್ಕೆ ನಮ್ಮ ಕಣ್ಣೆದುರೇ ನಡೆದ ನಿದರ್ಶನವೊಂದಿದೆ. 2020ರ ಮೊದಲ ತಿಂಗಳುಗಳಲ್ಲಿ ಕೊರೋನಾ ‘ಎಪಿಡೆಮಿಕ್’ ಆಗಿದೆಯೋ ‘ಪ್ಯಾಂಡೆಮಿಕ್’ ಆಗಿದೆಯೋ ಎಂದು ಜಗತ್ತೆಲ್ಲ ಚರ್ಚೆ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆ ಮಾರ್ಚ್ 11ರಂದು ‘ಪ್ಯಾಂಡೆಮಿಕ್’ ಎಂದಿತು, ಪತ್ರಿಕೆಗಳು ಅಂದೇ ಏನೋ ಘೋಷಣೆಯಾಯಿತು ಎಂಬಂತೆ ಬರೆದವು. ನಿಜಕ್ಕೂ ಸಂಸ್ಥೆಯ ಅಂತರರಾಷ್ಟ್ರೀಯ ಆರೋಗ್ಯ ನಿಯಮಗಳಲ್ಲಿ ಆಗ ಕಾನೂನು ಬಲವಿದ್ದದ್ದು ಬೇರೊಂದು ಮಾತಿಗೆ. ಅಂತರರಾಷ್ಟ್ರೀಯ ಕಾಳಜಿಯ ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಎಂಬ ಆ ಉದ್ದನೆಯ ಮಾತನ್ನು ಜನವರಿ 30ರಂದೇ ಘೋಷಿಸಿಯಾಗಿತ್ತು. ನಾಲಗೆಗೆ ಹೊರಳದ ಆ ಮಾತು ಯಾರ ಕಿವಿಗೂ ತಾಕಲಿಲ್ಲ, ನಿಯಮಗಳಲ್ಲಿ ಜಾಗವೇ ಇಲ್ಲದ ‘ಪ್ಯಾಂಡೆಮಿಕ್’ ಎಲ್ಲರನ್ನೂ ಎಬ್ಬಿಸಿತು. ಇದರಿಂದ ಪಾಠ ಕಲಿತ ಸದಸ್ಯ ರಾಷ್ಟ್ರಗಳು 2024ರಲ್ಲಿ ನಿಯಮಗಳನ್ನು ತಿದ್ದಿ ‘ಪ್ಯಾಂಡೆಮಿಕ್ ಎಮರ್ಜೆನ್ಸಿ’ ಎಂಬ ಪದಕ್ಕೆ ವ್ಯಾಖ್ಯೆ ಕೊಟ್ಟವು. ಇತ್ತ ಭಾರತ 2020ರಲ್ಲಿ ಕೈಗೆತ್ತಿಕೊಂಡದ್ದು ಮುಂಬಯಿಯ ಪ್ಲೇಗಿನ ಕಾಲದಲ್ಲಿ, 1897ರಲ್ಲಿ ಮಾಡಿದ ‘ಎಪಿಡೆಮಿಕ್ ಡಿಸೀಸಸ್’ ಕಾಯಿದೆಯನ್ನು. ಅದರಲ್ಲಿ ‘ಎಪಿಡೆಮಿಕ್’ ಎಂದರೇನೆಂಬ ವ್ಯಾಖ್ಯೆಯೇ ಇರಲಿಲ್ಲ. ಕಾಯಿದೆ ಕೆಲಸವನ್ನಂತೂ ಮಾಡಿತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಂಭೀರ. ಬಳಕೆಯಲ್ಲಿ ಸಡಿಲಬಿಟ್ಟರೆ ಒಂದು ಪದದ ಜೊತೆಗೆ ಒಂದು ವಿಚಾರವೇ ಹೋಗಿಬಿಡುವುದಿಲ್ಲವೇ ಎಂದು ಕೇಳುತ್ತಾರೆ. ಅವರು ಕೊಡುವ ಉದಾಹರಣೆ ‘ಡಿಸ್‌ಇಂಟರೆಸ್ಟೆಡ್’ ಮತ್ತು ‘ಅನ್‌ಇಂಟರೆಸ್ಟೆಡ್’. ಮೊದಲನೆಯದು ಸ್ವಾರ್ಥವಿಲ್ಲದವನು, ಎರಡನೆಯದು ಆಸಕ್ತಿಯಿಲ್ಲದವನು. ನ್ಯಾಯಾಧೀಶ ಮೊದಲನೆಯದಾಗಿರಬೇಕು, ಎರಡನೆಯದಾಗಬಾರದು. ಎಷ್ಟು ಸೊಗಸಾದ ಭೇದ! ಹದಿನೇಳನೇ ಶತಮಾನದಲ್ಲಿ ಮಾತ್ರ ಇವು ತಿರುಗಾಮುರುಗಾ ಇದ್ದವು. ‘ಡಿಸ್‌ಇಂಟರೆಸ್ಟೆಡ್’ ಎಂದರೆ ಆಸಕ್ತಿಯಿಲ್ಲದವನು, ‘ಅನ್‌ಇಂಟರೆಸ್ಟೆಡ್’ ಎಂದರೆ ನಿಷ್ಪಕ್ಷಪಾತಿ. ಇಂದು ಜನ ತಪ್ಪು ಮಾಡುತ್ತಿದ್ದಾರೆ ಎಂದು ನಾವು ಗೊಣಗುವುದು ಒಂದು ಹಳೆಯ ಅರ್ಥ ಮರಳಿ ಬರುವುದನ್ನು ಕಂಡು. ಇನ್ನು ವಿಚಾರ ಹೋಗಿಬಿಡುತ್ತದೆಂಬ ಭಯ. ಯಾರೂ ತನ್ನ ಮೊಕದ್ದಮೆಗೆ ತಾನೇ ನ್ಯಾಯಾಧೀಶನಾಗಬಾರದು ಎಂಬ ತತ್ವಕ್ಕೆ ಈ ಪದದ ಆಸರೆ ಬೇಕಾಗಿಯೇ ಇಲ್ಲ. 1969ರಲ್ಲಿ ಕ್ರೈಪಾಕ್ ಪ್ರಕರಣದಲ್ಲಿ ಆಯ್ಕೆ ಮಂಡಳಿಯಲ್ಲಿ ಕುಳಿತಿದ್ದ ಅಧಿಕಾರಿಯೇ ಅಭ್ಯರ್ಥಿಯೂ ಆಗಿದ್ದನೆಂಬ ಕಾರಣಕ್ಕೆ ಸುಪ್ರೀಂ ಕೋರ್ಟು ಆಯ್ಕೆಯನ್ನು ರದ್ದು ಮಾಡಿತು. ಅದಕ್ಕೆ ಬೇಕಾದ ಪದಗಳು ಬೇರೆ ಇದ್ದವು. ವಿಚಾರವನ್ನು ಕಾಯುವುದು ಅದರ ಅಗತ್ಯವಿರುವ ಸಂಸ್ಥೆ. ಒಂದು ಪದ ಸವೆದರೆ ಅದು ಇನ್ನೊಂದನ್ನು ಹುಡುಕಿಕೊಳ್ಳುತ್ತದೆ.

ಹಾಗಾದರೆ ಸಾಹಿತ್ಯದ ಸೂಕ್ಷ್ಮಗಳಿಗೆ ಬೆಲೆಯಿಲ್ಲವೇ? ಖಂಡಿತ ಇದೆ. ‘ಸ್ಟ್ರಾಂಗ್ ಟೀ’ ಎನ್ನುತ್ತಾರೆ, ‘ಪವರ್‌ಫುಲ್ ಟೀ’ ಎನ್ನುವುದಿಲ್ಲ. ಕಾರಣ ಕೇಳಿದರೆ ಇಂಗ್ಲಿಷರಿಗೂ ಗೊತ್ತಿಲ್ಲ. ಕನ್ನಡದಲ್ಲಿ ಪ್ರಶ್ನೆಯನ್ನೂ ಕೇಳುತ್ತೇವೆ, ಹಾಡನ್ನೂ ಕೇಳುತ್ತೇವೆ. ಇಂಗ್ಲಿಷಿಗೆ ಹೋದಾಗ ಇದು ಎರಡು ಮೂರು ಪದವಾಗಿ ಒಡೆಯುತ್ತದೆ, ತಪ್ಪಿದರೆ ಎದುರಿನವನಿಗೆ ಅರ್ಥವೇ ಆಗುವುದಿಲ್ಲ. ಇಂಥ ಭೇದಗಳನ್ನು ಯಾವ ಪಂಡಿತನೂ ಎಳೆದದ್ದಲ್ಲ. ಕೋಟ್ಯಂತರ ಬಾಯಿಗಳ ಬಳಕೆಯಲ್ಲಿ ಅವು ತಾವಾಗಿ ಮೂಡಿದವು. ಅದಕ್ಕೇ ಜೇಮ್ಸ್ ಮರೆಯ ಸಂಪಾದಕತ್ವದಲ್ಲಿ ಬೆಳೆದ, 1884ರಿಂದ 1928ರವರೆಗೆ ಕಂತು ಕಂತಾಗಿ ಬಂದ ಆಕ್ಸ್‌ಫರ್ಡ್ ನಿಘಂಟು ನಿಯಮದಿಂದ ಹೊರಡಲಿಲ್ಲ. ಓದುಗರು ಪುಸ್ತಕಗಳಿಂದ ಬರೆದು ಕಳಿಸಿದ ಚೀಟಿಗಳಿಂದ, ಅಂದರೆ ನಡೆದ ಬಳಕೆಯ ಸಾಕ್ಷ್ಯದಿಂದ ಹೊರಟಿತು. ಇವನ್ನು ಕಲಿಯಲು ಪಟ್ಟಿಗಿಂತ ಓದು ಒಳ್ಳೆಯದು.

ಪರೀಕ್ಷೆಯ ಮಾತನ್ನು ಕೊನೆಗೆ ಹೇಳಿಬಿಡುತ್ತೇನೆ. ‘ಲೆಸ್’ ಬರೆದರೆ ಅಂಕ ಹೋಗುತ್ತದೆ, ಆಗ ಈ ಚರಿತ್ರೆಯೆಲ್ಲ ಕಟ್ಟಿಕೊಂಡು ಏನು ಮಾಡಲಿ ಎಂದು ವಿದ್ಯಾರ್ಥಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಪರೀಕ್ಷೆಯಲ್ಲಿ ‘ಫ್ಯೂವರ್’ ಎಂದೇ ಬರೆಯಲಿ. ಆದರೆ ಅವನ ನೆನಪಿನ ಶಕ್ತಿಗೂ ಸಮಯಕ್ಕೂ ಮಿತಿಯಿದೆ. ಬೇಕರನ ರುಚಿಗೆ ಕೊಟ್ಟಷ್ಟೇ ಹೊತ್ತನ್ನು ಕಳ್ಳತನ ಮತ್ತು ನಂಬಿಕೆದ್ರೋಹದ ಭೇದಕ್ಕೂ ಕೊಡಿಸುವ ಪುಸ್ತಕ ಅವನಿಗೆ ಅನ್ಯಾಯ ಮಾಡುತ್ತಿದೆ. ಮುಂದೆ ಪೊಲೀಸ್ ಠಾಣೆಯಲ್ಲಿ ದೂರು ಬರೆಯುವಾಗ, ವಿಮೆಯ ಪಾಲಿಸಿ ಓದುವಾಗ ಅವನಿಗೆ ಬೇಕಾಗುವುದು ಎರಡನೆಯದು. ಕಳ್ಳತನದ ನಷ್ಟಕ್ಕೆ ಮಾತ್ರ ರಕ್ಷಣೆ ಕೊಡುವ ಪಾಲಿಸಿ ಇಟ್ಟುಕೊಂಡವನು, ನಂಬಿ ಕೊಟ್ಟ ಒಡವೆ ಹಿಂದಿರುಗಿ ಬಾರದಿದ್ದಾಗ ಪರಿಹಾರ ಕೇಳಲು ಹೋದರೆ ಆ ಗೆರೆಯ ಬೆಲೆ ರೂಪಾಯಿಗಳಲ್ಲಿ ತಿಳಿಯುತ್ತದೆ. ಆದ್ದರಿಂದ ನಮ್ಮ ಶಾಲೆಗಳಿಗೆ ಇಂಗ್ಲಿಷ್ ಪಠ್ಯ ಸಿದ್ಧಪಡಿಸುವವರಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗಳ ಕೈಪಿಡಿ ಅಚ್ಚು ಹಾಕುವವರಲ್ಲಿ ಒಂದು ವಿನಂತಿ. ಪ್ರತಿ ಜೋಡಿಯ ಪಕ್ಕದಲ್ಲಿ ಆ ಭೇದ ಎಲ್ಲಿಂದ ಬಂತು, ಯಾವಾಗ ಬಂತು, ಇಂದು ಅದು ಯಾರಿಗೆ ಬೇಕಾಗಿದೆ ಎಂಬುದನ್ನು ಒಂದೇ ಸಾಲಿನಲ್ಲಿ ಅಚ್ಚು ಮಾಡಿ. ಆ ಸಾಲು ಬರೆಯಲು ಏನೂ ಸಿಗದ ಜೋಡಿಗಳನ್ನು ಮುಂದಿನ ಮುದ್ರಣದಲ್ಲಿ ಕೈಬಿಡಿ.